ಹೊಟ್ಟೆ ಭಾರ ಅನ್ನಿಸಿದಾಗಲೇ ಎಚ್ಚರವಾಗಿ

ಮದುವೆ ಊಟಗಳ ಕಾಲ, ಅಲ್ವಾ? ಹೋಳಿಗೆ ಮೇಲೆ ತುಪ್ಪ ಸುರಿಸಿಕೊಂಡು ಬರುವವರಿಗೆ (ನಾನೂ ಅದೇ ಗುಂಪು) ಒಂದು ಮಾತು. ಅಜೀರ್ಣ ಅಂದರೆ ವಾಂತಿಯೇ ಆಗಬೇಕು ಎಂದಿಲ್ಲ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಹುಳಿತೇಗು, ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಊಟವಾಗಿ ಎಷ್ಟು ಹೊತ್ತಾದರೂ ಇಳಿಯದ ಭಾರ. ಇವೇ ಮೊದಲ ಸೂಚನೆ.

ಅವತ್ತು ರಾತ್ರಿ ಗಂಜಿ ಅಥವಾ ಮಜ್ಜಿಗೆ ಅನ್ನ ಸಾಕು. ನಮ್ಮ ಮನೆಯಲ್ಲಿ ಒಂದು ಚಮಚ ಜೀರಿಗೆ ಹುರಿದು, ಎರಡು ಲೋಟ ನೀರಿಗೆ ಹಾಕಿ, ಒಂದು ಲೋಟಕ್ಕೆ ಇಳಿಸಿ ಬೆಚ್ಚಗೆ ಕುಡಿಯುತ್ತೇವೆ. ಶುಂಠಿಯೂ ಒಳ್ಳೆಯದೇ, ಆದರೆ ಕೆಲವರಿಗೆ ಎದೆಯುರಿ ಜಾಸ್ತಿಯಾಗುತ್ತದೆ. ಉಂಡ ಮೇಲೆ 2-3 ಗಂಟೆ ಮಲಗಬೇಡಿ. ಸುಮ್ನೆ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ.

ಬಿಪಿ ಇರುವವರು ಸೋಡಾ ಪುಡಿಯನ್ನು ಅಭ್ಯಾಸ ಮಾಡಿಕೊಳ್ಳಬೇಡಿ, ಅದರಲ್ಲಿ ಸೋಡಿಯಂ ಜಾಸ್ತಿ. ಮಂಡಿನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗುವುದೂ ಬೇಡ.

ಎರಡು ವಾರವಾದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅಷ್ಟು ದಿನವೂ ಕಾಯಬೇಡಿ, ಅವತ್ತೇ ಹೋಗಿ.

ಇನ್ನೊಂದು ವಿಷಯ. ನಮ್ಮ ಮಾವ ಗ್ಯಾಸ್ ಎಂದುಕೊಂಡು ರಾತ್ರಿಯೆಲ್ಲ ಸೋಡಾ ಕುಡಿದು ಕೂತಿದ್ದರು. ಬೆಳಗ್ಗೆ ಇಸಿಜಿ ತೆಗೆದಾಗ ಗೊತ್ತಾಯಿತು, ಅದು ಹೃದಯದ ತೊಂದರೆ. ಎದೆ ಹಿಂಡಿದಂತಾಗಿ, ನೋವು ತೋಳಿಗೋ ದವಡೆಗೋ ಹಬ್ಬಿ, ತಣ್ಣಗೆ ಬೆವರಿದರೆ ಜೀರಿಗೆ ಹುಡುಕುತ್ತಾ ಕೂರಬೇಡಿ. ನೇರ 108ಕ್ಕೆ ಫೋನ್ ಮಾಡಿ.