ಒಂದೇ ಸರ್ವರ್‌ನಲ್ಲಿ ಹಲವು ಜಾಲತಾಣಗಳನ್ನು ನಡೆಸುವುದು ಹೇಗೆ?

ತಿಪಟೂರಿನ ಕೊಬ್ಬರಿ ವರ್ತಕರೊಬ್ಬರಿಗೆ ದಿನದ ಧಾರಣೆ ಪ್ರಕಟಿಸುವ ಜಾಲತಾಣ, ತುಮಕೂರಿನ ಬಿ.ಎಚ್. ರಸ್ತೆಯ ಕ್ಲಿನಿಕ್ಕಿಗೆ ಟೋಕನ್ ಕಾಯ್ದಿರಿಸುವ ಅಪ್ಲಿಕೇಶನ್, ಗುಬ್ಬಿಯ ಹವ್ಯಾಸಿ ನಾಟಕ ತಂಡಕ್ಕೆ ಪ್ರದರ್ಶನಗಳ ಪಟ್ಟಿ: ಇವೆಲ್ಲವನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರೂ ಒಂದೊಂದಕ್ಕೆ ಒಂದೊಂದು ಸರ್ವರ್ ಬಾಡಿಗೆಗೆ ಪಡೆದು ತಿಂಗಳು ತಿಂಗಳೂ ಹಣ ಕಟ್ಟುವವರನ್ನು ನಮ್ಮ ಜಿಲ್ಲೆಯಲ್ಲಿ ಕಂಡಿದ್ದೇನೆ. ದಿನಕ್ಕೆ ಕೆಲವು ನೂರು ಜನ ಬಂದು ಹೋಗುವ ಇಂಥ ತಾಣಗಳಿಗೆ ಎರಡು ಗಿಗಾಬೈಟ್ ಮೆಮೊರಿಯ ಒಂದು ಸರ್ವರ್ ಸಾಮಾನ್ಯವಾಗಿ ಸಾಕಾಗುತ್ತದೆ. ಆದರೆ ಕೆಲಸದ ಕ್ರಮ ತಪ್ಪಬಾರದು. ಡೊಮೇನನ್ನು, ಅಂದರೆ ತಾಣದ ಹೆಸರನ್ನು, ಸರ್ವರ್ ಕಡೆಗೆ ತಿರುಗಿಸುವುದು ಮೊದಲ ಕೆಲಸವಲ್ಲ, ಕೊನೆಯ ಕೆಲಸಗಳಲ್ಲೊಂದು.

ತುಮಕೂರಿನ ಹಳೆಯ ಪೇಟೆಯ ವಠಾರವನ್ನು ನೆನೆಸಿಕೊಳ್ಳಿ. ಬೀದಿಗೆ ಒಂದೇ ಬಾಗಿಲು, ಒಂದೇ ಡೋರ್ ನಂಬರ್. ಒಳಗೆ ನಾಲ್ಕಾರು ಸಂಸಾರ. ಲಕೋಟೆಯ ಮೇಲೆ ಹೆಸರಿದ್ದರೆ ಮಾತ್ರ ಅಂಚೆಯವರು ಅದನ್ನು ಸರಿಯಾದ ಮನೆಗೆ ಮುಟ್ಟಿಸಬಲ್ಲರು. ಇಲ್ಲಿ ಡೋರ್ ನಂಬರ್ ಎಂದರೆ ಸರ್ವರ್‌ನ ಐಪಿ ವಿಳಾಸ, ಲಕೋಟೆಯ ಮೇಲಿನ ಹೆಸರು ಎಂದರೆ ಡೊಮೇನ್. ಬ್ರೌಸರ್ ಮತ್ತು ಸರ್ವರ್ ಪರಸ್ಪರ ಮಾತಾಡುವ ಬಗೆಯನ್ನು ಹೇಳುವ, 1996ರಲ್ಲಿ ದಾಖಲಾದ ಎಚ್‌ಟಿಟಿಪಿ 1.0 ನಿಯಮಾವಳಿಯಂತೆ, ತನಗೆ ಯಾವ ಡೊಮೇನ್ ಬೇಕೆಂದು ಬ್ರೌಸರ್ ಹೇಳಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಆದ್ದರಿಂದ ತಾಣಕ್ಕೊಂದು ಐಪಿ ವಿಳಾಸ ಕೊಡುವುದು ವಾಡಿಕೆಯಾಗಿತ್ತು. ಮರುವರ್ಷ ಬಂದ 1.1 ಆವೃತ್ತಿಯು ಪ್ರತಿ ಕೋರಿಕೆಯಲ್ಲೂ 'ಹೋಸ್ಟ್' ಎಂಬ ಸಾಲನ್ನು ಕಡ್ಡಾಯಗೊಳಿಸಿತು. ಐಪಿ ವಿಳಾಸಗಳ ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸಗಳಾದ್ದರಿಂದ, ಈ ಒಂದು ಸಾಲು ಇಲ್ಲದಿದ್ದರೆ ಸಣ್ಣ ಊರಿನ ಅಂಗಡಿಗೆ ಸ್ವಂತ ಜಾಲತಾಣ ಇಂದಿಗೂ ದುಬಾರಿಯ ಮಾತೇ ಆಗಿರುತ್ತಿತ್ತು.

ಈ ಸಾಲನ್ನು ಓದಿ ಸರಿಯಾದ ತಾಣವನ್ನು ಬಡಿಸುವುದು ವೆಬ್ ಸರ್ವರ್ ತಂತ್ರಾಂಶದ ಕೆಲಸ. ಅಪಾಚೆಯೂ ಇದನ್ನು ಚೆನ್ನಾಗಿಯೇ ಮಾಡುತ್ತದೆ. ನಾನು ಬಳಸುವುದು ಎಂಜಿನ್‌ಎಕ್ಸ್. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಇರುವ ಸರ್ವರ್‌ನಲ್ಲಿ ಅದರ 'ಸೈಟ್ಸ್ ಅವೈಲಬಲ್' ಫೋಲ್ಡರ್‌ನೊಳಗೆ ತಾಣಕ್ಕೊಂದು ಫೈಲ್ ಬರೆದು, 'ಸೈಟ್ಸ್ ಎನೇಬಲ್ಡ್' ಫೋಲ್ಡರ್‌ನಲ್ಲಿ ಅದಕ್ಕೊಂದು ಲಿಂಕ್ ಕೊಡಬೇಕು. ಫೈಲ್‌ನಲ್ಲಿ ಯಾವ ಪೋರ್ಟ್ (ಕೋರಿಕೆಗಳು ಒಳಬರುವ, ಸಂಖ್ಯೆಯಿಂದ ಗುರುತಿಸುವ ದ್ವಾರ), ಯಾವ ಡೊಮೇನ್, ತಾಣದ ಪುಟಗಳಿರುವ ಫೋಲ್ಡರ್ ಯಾವುದು ಎಂಬ ಮೂರು ಸಂಗತಿಗಳಿದ್ದರೆ ಸರಳ ತಾಣವೊಂದು ನಡೆಯುತ್ತದೆ. ಬರೆದ ಮೇಲೆ ಎಂಜಿನ್‌ಎಕ್ಸ್‌ನದೇ ಪರೀಕ್ಷಾ ಆದೇಶದಿಂದ ತಪ್ಪುಗಳನ್ನು ನೋಡಿಕೊಂಡು, ರೀಸ್ಟಾರ್ಟ್ ಮಾಡದೆ ರೀಲೋಡ್ ಮಾಡಿ. ರೀಲೋಡ್‌ನಲ್ಲಿ ಹೊಸ ಫೈಲ್ ತಪ್ಪಿದ್ದರೂ ಹಳೆಯ ವ್ಯವಸ್ಥೆ ಮುಂದುವರಿಯುತ್ತದೆ. ರೀಸ್ಟಾರ್ಟ್‌ನಲ್ಲಾದರೆ ಒಂದು ಅರ್ಧವಿರಾಮ ಬಿಟ್ಟುಹೋದದ್ದಕ್ಕೆ ಎಲ್ಲ ತಾಣಗಳೂ ಒಟ್ಟಿಗೆ ಮುಚ್ಚಿಕೊಳ್ಳಬಹುದು.

ನಮ್ಮ ಊರಿನವರು ಗಮನಿಸಬೇಕಾದ ಒಂದು ಮಾತು ಇಲ್ಲಿದೆ. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಕಾಗುಣಿತ 'ಟುಮ್‌ಕುರ್' ಎಂಬುದರಿಂದ 'ತುಮಕೂರು' ಎಂಬುದಕ್ಕೆ ಬದಲಾಯಿತು. ಹಳೆಯ ಕಾಗುಣಿತದ ಡೊಮೇನ್ ಇಟ್ಟುಕೊಂಡೇ ಹೊಸದನ್ನೂ ಕೊಂಡವರು ಎರಡರಲ್ಲೂ ಒಂದೇ ತಾಣವನ್ನು ತೋರಿಸುವುದಕ್ಕಿಂತ, ಹಳೆಯದಕ್ಕೆ ಪ್ರತ್ಯೇಕ ಫೈಲ್ ಬರೆದು 301 ಸಂಖ್ಯೆಯ ಶಾಶ್ವತ ಮರುನಿರ್ದೇಶನ ಕೊಡುವುದು ಒಳ್ಳೆಯದು. ಹಾಗೆ ಮಾಡಿದರೆ ಹಳೆಯ ವಿಳಾಸದಲ್ಲಿ ಬಂದವರು ತಾವಾಗಿಯೇ ಹೊಸದಕ್ಕೆ ತಲುಪುತ್ತಾರೆ, ಸರ್ಚ್ ಎಂಜಿನ್‌ಗಳಿಗೂ ಗೊಂದಲವಾಗುವುದಿಲ್ಲ.

ಯಾವ ಫೈಲ್‌ಗೂ ಹೊಂದದ ಡೊಮೇನ್ ಬಂದರೆ ಏನಾಗುತ್ತದೆ? ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಶಾಲೆಯೊಂದರ ಹೊಸ ಡೊಮೇನನ್ನು ಸರ್ವರ್ ಕಡೆಗೆ ತಿರುಗಿಸಿ, ಫೈಲ್ ಬರೆಯುವುದನ್ನು ಮರುದಿನಕ್ಕೆ ಬಿಟ್ಟಿದ್ದೆ. ಬೇರೆ ಸೂಚನೆ ಇಲ್ಲದಿದ್ದಾಗ ಎಂಜಿನ್‌ಎಕ್ಸ್ ತಾನು ಮೊದಲು ಓದಿದ ಫೈಲ್‌ನ ತಾಣವನ್ನೇ ತೋರಿಸುತ್ತದೆ, ಫೈಲ್‌ಗಳನ್ನು ಓದುವುದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಅಡಿಕೆ ವ್ಯಾಪಾರಿಯೊಬ್ಬರ ಫೈಲ್ ಆ ಕ್ರಮದಲ್ಲಿ ಮೊದಲಿತ್ತು. ಶಾಲೆಯ ವಿಳಾಸ ತೆರೆದ ಪೋಷಕರಿಗೆ ರಾತ್ರಿಯೆಲ್ಲ ಅಡಿಕೆಯ ಧಾರಣೆ ಕಾಣಿಸಿತು. ಅಂದಿನಿಂದ ಯಾವುದೇ ಸರ್ವರ್‌ನಲ್ಲಿ ನಾನು ಬರೆಯುವ ಮೊದಲ ಫೈಲ್ 'ಡಿಫಾಲ್ಟ್ ಸರ್ವರ್' ಎಂದು ಗುರುತಿಸಿದ್ದು. ಅಪರಿಚಿತ ಹೆಸರಿನಲ್ಲಿ ಬಂದ ಕೋರಿಕೆಗೆ ಉತ್ತರಿಸದೆ ಸಂಪರ್ಕ ಕಡಿಯುವ 444 ಎಂಬ ಸಂಕೇತವನ್ನು ಅದರಲ್ಲಿ ಇಡುತ್ತೇನೆ.

ಟೋಕನ್ ಕಾಯ್ದಿರಿಸುವಂಥ ಅಪ್ಲಿಕೇಶನ್‌ಗಳು ಸರ್ವರ್‌ನ ಒಳಗಿನ ವಿಳಾಸವಾದ 127.0.0.1ರಲ್ಲಿ, ಒಂದು 3000ನೇ ಪೋರ್ಟ್‌ನಲ್ಲಿ, ಇನ್ನೊಂದು 3001ರಲ್ಲಿ ಎಂಬಂತೆ ನಡೆಯಲಿ. ಹೊರಗಿನಿಂದ ಬಂದ ಕೋರಿಕೆಯನ್ನು ಎಂಜಿನ್‌ಎಕ್ಸ್ ಅವುಗಳಿಗೆ ದಾಟಿಸಲಿ. ಹಾಗೆ ದಾಟಿಸುವಾಗ ಮೂಲ ಹೋಸ್ಟ್ ಹೆಸರನ್ನೂ ಜೊತೆಗೆ ಕಳುಹಿಸುವಂತೆ ಸೂಚಿಸದಿದ್ದರೆ, ಅಪ್ಲಿಕೇಶನ್ ತನ್ನ ಡೊಮೇನ್ ಯಾವುದೆಂದು ತಿಳಿಯದೆ ಒಳಗಿನ ವಿಳಾಸವನ್ನೇ ಲಿಂಕ್‌ಗಳಲ್ಲಿ ಬರೆದುಬಿಡುವುದುಂಟು. ಹೊರಗಿನ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್‌ನಲ್ಲಿ ಜಾಲತಾಣಗಳ ಪೋರ್ಟ್‌ಗಳಾದ 80, 443 ಮತ್ತು ನೀವು ಲಾಗಿನ್ ಆಗುವ ಪೋರ್ಟ್ ಬಿಟ್ಟು ಉಳಿದವೆಲ್ಲ ಮುಚ್ಚಿರಬೇಕು.

ವಠಾರದಲ್ಲಿ ಒಬ್ಬರ ಒಲೆಯ ಬೆಂಕಿ ಇನ್ನೊಬ್ಬರ ಮನೆಗೆ ಹಬ್ಬದಂತೆ ಗೋಡೆ ಇರಬೇಕಷ್ಟೆ. ನಾಟಕ ತಂಡದ ತಾಣದಲ್ಲಿ ವರ್ಷಗಟ್ಟಲೆ ಅಪ್‌ಡೇಟ್ ಆಗದ ವರ್ಡ್‌ಪ್ರೆಸ್ ಪ್ಲಗಿನ್ ಮೂಲಕ ಕಳ್ಳನೊಬ್ಬ ನುಗ್ಗಿದರೆ, ಎಲ್ಲ ತಾಣಗಳೂ ಒಂದೇ ಬಳಕೆದಾರನ ಹೆಸರಿನಲ್ಲಿ ನಡೆಯುತ್ತಿದ್ದಾಗ ಕ್ಲಿನಿಕ್ಕಿನ ರೋಗಿಗಳ ವಿವರವೂ ಅವನ ಕೈಗೆ ಸಿಗುತ್ತದೆ. ಆದ್ದರಿಂದ ಪ್ರತಿ ತಾಣಕ್ಕೂ ಪ್ರತ್ಯೇಕ ಲಿನಕ್ಸ್ ಬಳಕೆದಾರ, ಇತರರು ಓದಲಾಗದ ಫೋಲ್ಡರ್, ತನ್ನದೇ ಪಿಎಚ್‌ಪಿ ಪೂಲ್ (ತಾಣದ ಪಿಎಚ್‌ಪಿ ಪ್ರೋಗ್ರಾಂ ನಡೆಸುವ ಪ್ರಕ್ರಿಯೆಗಳ ಗುಂಪು), ತನ್ನದೇ ಡೇಟಾಬೇಸ್ ಮತ್ತು ಅದೊಂದನ್ನು ಮಾತ್ರ ತೆರೆಯಬಲ್ಲ ಪಾಸ್‌ವರ್ಡ್ ಇರಲೇಬೇಕು. ಹಣ ಉಳಿಸಲೆಂದು ಸರ್ವರ್ ಹಂಚಿಕೊಳ್ಳುವುದು ಸರಿ. ಶ್ರಮ ಉಳಿಸಲೆಂದು ಬಳಕೆದಾರರನ್ನು ಹಂಚಿಕೊಳ್ಳುವುದನ್ನು ನಾನು ಒಪ್ಪಲಾರೆ. ದಿನದ ಬ್ಯಾಕಪ್ಪನ್ನೂ ತಾಣವಾರು ತೆಗೆದು ಬೇರೆ ಸ್ಥಳದಲ್ಲಿಡಿ.

ಇಷ್ಟಾದ ಮೇಲೆ ನಿಮ್ಮ ಸ್ವಂತ ಕಂಪ್ಯೂಟರಿನ 'ಹೋಸ್ಟ್ಸ್' ಫೈಲ್‌ನಲ್ಲಿ ಡೊಮೇನ್ ಮುಂದೆ ಹೊಸ ಸರ್ವರ್‌ನ ಐಪಿ ವಿಳಾಸ ಬರೆದುಕೊಂಡರೆ, ಬೇರೆ ಯಾರಿಗೂ ಕಾಣದಂತೆ ನೀವೊಬ್ಬರೇ ಹೊಸ ತಾಣವನ್ನು ತೆರೆದು ಪರೀಕ್ಷಿಸಬಹುದು. ಎಲ್ಲ ಸರಿಯಿದ್ದರೆ, ಯಾವ ಡೊಮೇನ್‌ಗೆ ಯಾವ ಐಪಿ ವಿಳಾಸ ಎಂದು ಜಗತ್ತಿಗೆ ತಿಳಿಸುವ ಡಿಎನ್‌ಎಸ್‌ನತ್ತ ಹೋಗಿ. ಆ ಮಾಹಿತಿಯನ್ನು ಇತರರು ನೆನಪಿಟ್ಟುಕೊಳ್ಳುವ ಟಿಟಿಎಲ್ ಅವಧಿಯನ್ನು ಹಿಂದಿನ ದಿನವೇ 300 ಸೆಕೆಂಡಿಗೆ ಇಳಿಸಿ, ಮರುದಿನ ಐಪಿ ವಿಳಾಸವಿರುವ 'ಎ' ರೆಕಾರ್ಡನ್ನು ಬದಲಿಸಿ. ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ 'ಎಂಎಕ್ಸ್' ರೆಕಾರ್ಡನ್ನು ಮುಟ್ಟಬೇಡಿ, ಮುಟ್ಟಿದರೆ ವರ್ತಕರ ಇಮೇಲ್ ನಿಂತುಹೋದೀತು.

ಇನ್ನು ಬೀಗದ ಗುರುತಿನ ಸರ್ಟಿಫಿಕೇಟ್, ಅಂದರೆ ತಾಣ ಅಸಲಿಯೆಂದು ಬ್ರೌಸರ್‌ಗೆ ತೋರಿಸುವ ಡಿಜಿಟಲ್ ಪ್ರಮಾಣಪತ್ರ. ಗೂಢಲಿಪಿಯ ಸಂಪರ್ಕ ಏರ್ಪಟ್ಟ ಮೇಲಷ್ಟೇ ಹೋಸ್ಟ್ ಸಾಲು ಸರ್ವರ್‌ಗೆ ಕಾಣುವುದರಿಂದ, ಯಾರ ಸರ್ಟಿಫಿಕೇಟ್ ತೋರಿಸಬೇಕೆಂಬುದು ಒಂದು ಕಾಲಕ್ಕೆ ದೊಡ್ಡ ತೊಡಕಾಗಿತ್ತು. ಸಂಪರ್ಕದ ಆರಂಭದಲ್ಲೇ ಬ್ರೌಸರ್ ಡೊಮೇನ್ ಹೆಸರು ಹೇಳುವ ಎಸ್‌ಎನ್‌ಐ ವಿಧಾನ 2003ರಲ್ಲಿ ರೂಪುಗೊಂಡು ಅದನ್ನು ಬಗೆಹರಿಸಿತು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುವ 90 ದಿನಗಳ ಸರ್ಟಿಫಿಕೇಟನ್ನು ಸರ್ಟ್‌ಬಾಟ್ ತಂತ್ರಾಂಶ ತಾನೇ ಪಡೆದು, ತಾನೇ ನವೀಕರಿಸುತ್ತದೆ. ಈಗಾಗಲೇ ಜನ ಬಳಸುತ್ತಿರುವ ತಾಣವನ್ನು ಸ್ಥಳಾಂತರಿಸುವುದಾದರೆ, ಡೊಮೇನ್ ನಿಮ್ಮದೇ ಎಂದು ತೋರಿಸಲು ಡಿಎನ್‌ಎಸ್‌ನಲ್ಲಿ 'ಟಿಎಕ್ಸ್‌ಟಿ' ಎಂಬ ಪಠ್ಯ ರೆಕಾರ್ಡ್ ಹಾಕುವ ವಿಧಾನದಿಂದ ಸರ್ಟಿಫಿಕೇಟನ್ನು ಮುಂಚಿತವಾಗಿಯೇ ಪಡೆಯಬಹುದು. ಆಗ 'ಎ' ರೆಕಾರ್ಡ್ ಬದಲಿಸಿದ ಗಳಿಗೆಯಲ್ಲೂ ಯಾರಿಗೂ ಎಚ್ಚರಿಕೆಯ ಪರದೆ ಕಾಣುವುದಿಲ್ಲ. ಹಳೆಯ ಸರ್ವರ್‌ನ ಲಾಗ್ ಫೈಲ್‌ನಲ್ಲಿ ಹೊಸ ಕೋರಿಕೆಗಳು ನಿಲ್ಲುವವರೆಗೆ ಕೆಲವು ದಿನ ಕಾದು, ಆಮೇಲೆ ಅದರ ಬಾಡಿಗೆಯನ್ನು ರದ್ದುಪಡಿಸಿ.