ಬಲೂನಿನೊಳಗೆ ಮಂಡ್ಯದ ಮಾತು

ಆರ್.ಕೆ. ಲಕ್ಷ್ಮಣ್ ಹುಟ್ಟಿ ಬೆಳೆದ ಮೈಸೂರಿನಲ್ಲಿ ಕಾರ್ಟೂನು ಅಂದರೆ ಪತ್ರಿಕೆಯ ಒಂದು ಚೌಕ. ನಾನು ಬಿಡಿಸುವುದು ಪುಟಗಟ್ಟಲೆ ಕಾಮಿಕ್ಸ್ ಕತೆ: ಮಂಡ್ಯ ಸೀಮೆಯ ಬೆಲ್ಲದ ಆಲೆಮನೆ, ವಿಶ್ವೇಶ್ವರಯ್ಯ ನಾಲೆಯ ನೀರಿನ ಸರದಿ, ಮೈಸೂರಿನ ಬಾಡಿಗೆ ರೂಮು. ಪತ್ರಿಕೆಗೆ ಅದು ಉದ್ದ, ಪ್ರಕಾಶಕರಿಗೆ ಗಿಡ್ಡ. ಹಾಗಾಗಿ ಬರೆಯುವುದರಿಂದ ಮಾರುವವರೆಗೆ ಎಲ್ಲ ನಾನೇ.

ಹೊಟ್ಟೆಪಾಡಿಗೆ ಹಗಲು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ. ಅಮೆರಿಕದ ಹಾರ್ವಿ ಪೀಕರ್ 1976ರಲ್ಲಿ ತನ್ನ ದಿನನಿತ್ಯದ ಬದುಕನ್ನೇ ಕಾಮಿಕ್ಸ್ ಮಾಡಿ ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದ. ಹೆಸರು ಬಂದ ಮೇಲೂ ನಿವೃತ್ತಿಯವರೆಗೆ ಆಸ್ಪತ್ರೆಯ ಗುಮಾಸ್ತನಾಗಿಯೇ ಇದ್ದ. ಇದನ್ನು ತಿಳಿದ ಮೇಲೆ ನೌಕರಿ ಬಿಡಬೇಕೆಂಬ ತಳಮಳ ನನಗೆ ಹೋಯಿತು.

ಕನ್ನಡದಲ್ಲಿ ನಿಜವಾದ ಕಷ್ಟ ಅಕ್ಷರದ್ದು. ಇಂಗ್ಲಿಷಿನವರು ದೊಡ್ಡಕ್ಷರದಲ್ಲೇ ಬರೆದು ಸಾಲುಗಳನ್ನು ಒತ್ತೊತ್ತಾಗಿ ಕೂರಿಸುತ್ತಾರೆ. ನಮಗೆ ಮೇಲೆ ಗುಡಿಸು, ಪಕ್ಕಕ್ಕೆ ಕೊಂಬು, ಕೆಳಗೆ ಒತ್ತು. ‘ಕೊಪ್ಪರಿಗೆ’ ಎಂದು ಬರೆದರೆ ಪಕಾರದ ಒತ್ತು ಕೆಳಗಿನ ಸಾಲಿನ ತಲಕಟ್ಟಿಗೆ ತಾಗುತ್ತದೆ. ಅಕ್ಷರ 5 ಮಿ.ಮೀ. ಇದ್ದರೆ ಸಾಲಿಗೆ 11 ಮಿ.ಮೀ. ಬಿಡುತ್ತೇನೆ. ಮಾತು ಬರೆಯುವ ಬಲೂನು ಊದುತ್ತದೆ, ಮುಖಕ್ಕೆ ಜಾಗ ಸಾಲದು. ಆಡುಮಾತಿನಿಂದ ಸ್ವಲ್ಪ ಉಳಿತಾಯವಿದೆ: ‘ಬಂದುಬಿಟ್ಟನಲ್ಲ’ ನಮ್ಮ ಕಡೆ ‘ಬಂದ್ಬುಟ್ನಲ್ಲ’. ಆರು ಅಕ್ಷರ ನಾಲ್ಕಾಯಿತು. ಆದರೆ ಒತ್ತು ಎರಡಿದ್ದದ್ದು ಮೂರಾಯಿತು! ಅದಕ್ಕೇ ಚೌಕಟ್ಟು ಎಳೆದ ಕೂಡಲೇ ಮೊದಲು ಮಾತು ಬರೆಯುತ್ತೇನೆ, ಮನುಷ್ಯರು ಆಮೇಲೆ. ಫಾಂಟ್ ಬಳಸುವುದಿಲ್ಲ. ಗಾಣದ ಸದ್ದಿನ ನಡುವೆ ‘ಪಾಕ ಬಂತೇನ್ಲಾ?’ ಎಂದು ಕೂಗುವ ಅಪ್ಪನ ದನಿ ಕೈಬರಹದಲ್ಲಿ ಮಾತ್ರ ದಪ್ಪವಾಗುತ್ತದೆ.

ಅಚ್ಚಿನದು ಸುಲಭ. ಎ4ರಲ್ಲಿ ಬಿಡಿಸಿ 71%ಗೆ ಇಳಿಸಿದರೆ ಅರ್ಧ ಹಾಳೆಯ ಎ5. 16 ಪುಟಕ್ಕೆ ನಡುವೆ ಮಡಿಸಿದ ಎ4 ಹಾಳೆ ನಾಲ್ಕು: ಹೊರಗಿನ ಹಾಳೆಯ ಒಂದು ಮೈಯಲ್ಲಿ 16 ಮತ್ತು 1, ಇನ್ನೊಂದರಲ್ಲಿ 2 ಮತ್ತು 15. ಮಡಿಕೆಗೆ ಎರಡು ಪಿನ್. ದಟ್ಟ ಕಪ್ಪು ಮಾತ್ರ ಜೆರಾಕ್ಸಿನಲ್ಲಿ ತೇಪೆ ತೇಪೆಯಾಗಿ ಬರುತ್ತದೆ. ಆಲೆಮನೆಯ ರಾತ್ರಿಯನ್ನು ಗೀಟುಗಳಲ್ಲೇ ಕಟ್ಟಬೇಕು. ಈ ಕೆಲಸ ನನಗೆ ಬಲು ಇಷ್ಟ. ಬೆಂಕಿಯ ಹತ್ತಿರ ಗೀಟು ವಿರಳ, ಕಬ್ಬಿನ ಗದ್ದೆಯತ್ತ ಹೋದಂತೆ ಒತ್ತೊತ್ತು.

ಮೈಸೂರಿನ ರಂಗಾಯಣದ ಬಹುರೂಪಿ ನಾಟಕೋತ್ಸವಕ್ಕೆ ಬಂದವರಿಗೆ ಕೈಯಾರೆ ಮಾರುತ್ತೇನೆ, ಊರಿನಲ್ಲಿ ಟೀ ಅಂಗಡಿಯವರ ಹತ್ತಿರ ಒಂದು ಕಟ್ಟು ಬಿಡುತ್ತೇನೆ. ಬಂದ ದುಡ್ಡು ಮುಂದಿನ ಪುಸ್ತಕದ ಕಾಗದಕ್ಕೆ. ಈಗ ಕಬ್ಬು ಕಡಿಯುವವರ ಕತೆ ನಡೆಯುತ್ತಿದೆ, 24 ಪುಟ. ಕಡಿಯುವಾಗ ಅವರು ಹೆಚ್ಚು ಮಾತಾಡುವುದಿಲ್ಲ, ಹಾಗಾಗಿ ಮುಖಗಳನ್ನು ದೊಡ್ಡದಾಗಿ ಬರೆಯಲು ಸಾಧ್ಯವಾಗಿದೆ.