ಗುಡ್ಡ ಸುಟ್ಟ ವರ್ಷ ಹಳ್ಳದಲ್ಲಿ ಬಂದ ಕೆಸರು

ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗುಡ್ಡದ ಬುಡದಲ್ಲಿ ನಮ್ಮದು ಮೂರು ಎಕರೆ ದಾಳಿಂಬೆ. ಮಾರ್ಚ್‌ನಲ್ಲಿ ಗುಡ್ಡಕ್ಕೆ ಬೆಂಕಿ ಬಿತ್ತು. ಹುಲ್ಲು, ಪೊದೆ ಎಲ್ಲ ಎರಡೇ ದಿನಕ್ಕೆ ಬೂದಿ. ಬೆಂಕಿ ನಮ್ಮ ಬದು ದಾಟಲಿಲ್ಲವಲ್ಲ, ಬಚಾವಾದೆವು ಅಂತ ನಾನು ಸುಮ್ನೆ ಇದ್ದೆ.

ಅಪ್ಪ ಮಾತ್ರ ಒಂದು ಬೆಳಿಗ್ಗೆ ಚೊಂಬು ನೀರು ಹಿಡಿದು ಗುಡ್ಡ ಹತ್ತಿದರು. ಬೂದಿ ಕೆರೆದು ಕೆಳಗಿನ ಮಣ್ಣಿನ ಮೇಲೆ ನಾಲ್ಕು ಹನಿ ಬಿಟ್ಟರು. ಎಣ್ಣೆ ಸವರಿದ ಹೆಂಚಿನ ಮೇಲೆ ನಿಂತ ಹಾಗೆ ಹನಿ ಗುಂಡಗೆ ನಿಂತವು. ನೂರರವರೆಗೆ ಎಣಿಸಿದೆ, ಇಂಗಲೇ ಇಲ್ಲ. "ನೆಲ ನೀರು ಕುಡೀತಿಲ್ಲ ನೋಡೋ, ಮಳೆ ಬಂದ್ರೆ ಎಲ್ಲಾ ನಮ್ಮ ಮೇಲೇ" ಅಂದರು. ಗಿಡ ಸುಟ್ಟಾಗ ಅದರಲ್ಲಿರುವ ಮೇಣದಂಥ ಅಂಶ ಆವಿಯಾಗಿ ಮಣ್ಣಿಗಿಳಿದು ಅಂಟಿಕೊಳ್ಳುತ್ತದೆ, ಅದಕ್ಕೇ ಹೀಗೆ.

ರಾತ್ರಿ ಕೂತು ಓದಿದೆ. ಕ್ಯಾಲಿಫೋರ್ನಿಯಾದ ಮಾಂಟೆಸಿಟೊ ಊರಿನ ಮೇಲಿನ ಬೆಟ್ಟ 2017ರ ಡಿಸೆಂಬರ್‌ನಲ್ಲಿ ಥಾಮಸ್ ಕಾಳ್ಗಿಚ್ಚಿಗೆ ಸುಟ್ಟಿತ್ತು. ಅಲ್ಲಿ ಮಳೆಗಾಲ ಬರುವುದೇ ಚಳಿಗಾಲದಲ್ಲಿ. ಬೆಂಕಿ ಪೂರ್ತಿ ಹತೋಟಿಗೆ ಬರುವ ಮೊದಲೇ, 2018ರ ಜನವರಿ 9ರ ನಸುಕಿನಲ್ಲಿ, ಐದು ನಿಮಿಷಕ್ಕೆ ಸುಮಾರು 13 ಮಿ.ಮೀ. ಮಳೆ ಸುರಿದು ಕೆಸರು, ಮರದ ದಿಮ್ಮಿ, ಕಾರಿನಷ್ಟು ದೊಡ್ಡ ಬಂಡೆ ಎಲ್ಲ ಒಟ್ಟಿಗೆ ಊರಿಗೆ ನುಗ್ಗಿದವು. 23 ಜನ ಹೋದರು. ಸುಟ್ಟ ಬೆಟ್ಟದ ಕೆಳಗೆ ಇರುವವರು ದಿನವಿಡೀ ಎಷ್ಟು ಮಳೆ ಬಂತು ಅಂತ ನೋಡಿದರೆ ಸಾಲದು, ಕಾಲು ಗಂಟೆಯಲ್ಲಿ ಎಷ್ಟು ಹೊಡೆಯಿತು ಅಂತ ನೋಡಬೇಕು.

ನಮ್ಮ ಗುಡ್ಡ ಅಷ್ಟು ದೊಡ್ಡದಲ್ಲ, ಅಂಥದ್ದೇನೂ ಆಗಲ್ಲ. ಆದರೂ ಹಳ್ಳ ಪಂಪ್‌ಸೆಟ್ ಮನೆ ಪಕ್ಕದಲ್ಲೇ ಹಾಯುತ್ತದೆ ಅಂತ ಜೆಸಿಬಿ ತರಿಸಿ ಅಡ್ಡಲಾಗಿ ಎದೆಮಟ್ಟದ ಮಣ್ಣಿನ ಏರಿ ಹಾಕಿಸಿದೆ. ಅದೇ ತಪ್ಪಾಗಿದ್ದು. ಭರಣಿ ಮಳೆ ಒಂದು ಸಂಜೆ ಇಪ್ಪತ್ತೇ ನಿಮಿಷ ಹೊಡೆಯಿತು. ಮೊದಲು ಬಂದಿದ್ದು ಸದ್ದು, ಟ್ರಾಕ್ಟರ್‌ನಿಂದ ಜಲ್ಲಿ ಸುರಿದ ಹಾಗೆ. ಆಮೇಲೆ ಕಪ್ಪು ಅಂಬಲಿಯಂಥದ್ದು ಸುಟ್ಟ ಬೇರು, ಗುಂಡುಕಲ್ಲುಗಳನ್ನು ಮುಂದೆ ತಳ್ಳಿಕೊಂಡು ಬಂತು. ಏರಿ ಸ್ವಲ್ಪ ಹೊತ್ತು ತಡೆಯಿತು, ಆಮೇಲೆ ಒಡೆದು ನಿಂತಿದ್ದೆಲ್ಲ ಒಂದೇ ಸಲ ಇಳಿಯಿತು. ಸ್ಟಾರ್ಟರ್ ಪೆಟ್ಟಿಗೆವರೆಗೆ ಕೆಸರು. ನಾಲ್ಕು ಸಾಲು ಗಿಡ ಹೋದವು.

ಮತ್ತೆ ಏರಿ ಕಟ್ಟಲಿಲ್ಲ. ನಮ್ಮ ಹದ್ದಿನೊಳಗೇ ಕೊರಕಲಿನ ಉದ್ದಕ್ಕೂ ಮೊಣಕಾಲೆತ್ತರದ ಆರು ಕಲ್ಲುಕಟ್ಟೆ ಹಾಕಿದೆ, ನೀರು ದಂಡೆ ಕೊರೆಯದೆ ನಡುವೆಯೇ ಹರಿಯಲಿ ಅಂತ ಮಧ್ಯ ತಗ್ಗು ಬಿಟ್ಟು. ಪಂಪ್ ಮನೆ ಮುಂದೆ ಮರಳಿನ ಚೀಲಗಳನ್ನು ಓರೆಯಾಗಿ ಜೋಡಿಸಿದೆ, ಕೆಸರು ಬೀಳು ಹೊಲದ ಕಡೆ ತಿರುಗಲಿ ಅಂತ. ಪ್ರತಿ ಜೋರು ಮಳೆ ಆದಮೇಲೆ ಕಟ್ಟೆ ಹಿಂದೆ ತುಂಬಿದ್ದನ್ನು ತೋಡಿ ಹಾಕಬೇಕು. ಬೇಜಾರಿನ ಕೆಲಸ, ಬಿಟ್ಟರೆ ಕಟ್ಟೆ ಇದ್ದೂ ಇಲ್ಲದ ಹಾಗೆ. ಮಳೆ ಹೊಡೆಯುವಾಗ ಮೋಟರ್ ಉಳಿಸೋಕೆ ಅಂತ ಯಾರೂ ಹಳ್ಳಕ್ಕೆ ಇಳಿಯಬಾರದು, ಇದನ್ನು ಆಳುಗಳಿಗೂ ಹೇಳಿಟ್ಟಿದ್ದೇನೆ.

ಆ ವರ್ಷ ಆಮೇಲೆ ಎರಡು ಸಲ ಕೆಸರು ಬಂತು, ಎರಡು ಸಲವೂ ಬೀಳು ಹೊಲಕ್ಕೇ ಹೋಯಿತು. ಈಗ ಗುಡ್ಡದಲ್ಲಿ ಹುಲ್ಲು ಬಂದಿದೆ. ಸುಟ್ಟ ಬೇರುಗಳು ಮಣ್ಣೊಳಗೆ ಕೊಳೆಯುತ್ತಾ ಹಿಡಿತ ಬಿಡುತ್ತವೆ, ಹಾಗಾಗಿ ಚೀಲಗಳನ್ನು ಇನ್ನೂ ತೆಗೆದಿಲ್ಲ.